ಚಡ್ಡಿ ಹಾಕಿಕೊಳ್ಳುವ ಆರು ನಿಮಿಷ: ಆಟಿಸಂ ಇರುವ ಮಕ್ಕಳಿಗೆ ದಿನದ ಕೆಲಸ ಕಲಿಸುವುದು ಹೇಗೆ?

ಆರು ವರ್ಷದ ಹುಡುಗನಿಗೆ ಚಡ್ಡಿ ಹಾಕಲು ನನಗೆ 15 ಸೆಕೆಂಡು ಸಾಕಿತ್ತು. ಅವನೇ ಹಾಕಿಕೊಳ್ಳಲಿ ಎಂದು ಬಿಟ್ಟರೆ 6 ನಿಮಿಷ. ಬೆಳಿಗ್ಗೆ ವ್ಯಾನು ತಿರುವಿನಲ್ಲಿ ಬಂದು ಹಾರನ್ ಹೊಡೆಯುತ್ತದೆ. ಹಾಗಾಗಿ ನಾನು ದಿನಾ ಆ ಆರು ನಿಮಿಷ ಉಳಿಸಿದೆ. ಉಳಿಸುತ್ತಾ ಉಳಿಸುತ್ತಾ ನಾಲ್ಕು ವರ್ಷ ಹೋಯಿತು. ಹತ್ತು ತುಂಬಿದಾಗ ಅವನು ಕಲಿತದ್ದು ಒಂದೇ. ನಾನು ಚಡ್ಡಿ ಹಿಡಿದು ಕೂತರೆ ಕಾಲು ಎತ್ತುವುದು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ, ಅಡಿಕೆ ತೋಟದ ನಡುವಿನ ಮನೆ. ಮಗನನ್ನು ಎಲ್ಲರೂ ಮಾಣಿ ಎಂದೇ ಕರೆಯುವುದು. ಈಗ ಅವನಿಗೆ 14. ಆಟಿಸಂ ಇದೆ, ಮಾತು ಕಡಿಮೆ. ಆದರೆ ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಪಾಯಿಖಾನೆ ಎಲ್ಲ ಬಹುಮಟ್ಟಿಗೆ ಅವನೇ ಮಾಡಿಕೊಳ್ಳುತ್ತಾನೆ. ನಾನು ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ಥೆರಪಿಯವರು ಹೇಳಿಕೊಟ್ಟದ್ದನ್ನು ನಮ್ಮ ಬಚ್ಚಲಿನಲ್ಲಿ, ನಮ್ಮ ಮಳೆಗಾಲದಲ್ಲಿ, ಅತ್ತೆಯ ಕಣ್ಣೆದುರು ಮಾಡಿ ನೋಡಿದವಳು, ಅಷ್ಟೆ.

ಮೊದಲು ನೋಡಿ, ಆಮೇಲೆ ಕಲಿಸಿ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದೇ ಕೆಲಸ ಆರಿಸಿ. ಯಾವುದು? ಮಗುವಿಗೆ ಅರ್ಧ ಬರುವ ಕೆಲಸ. ನಮಗೆ ಜಾಸ್ತಿ ಕಿರಿಕಿರಿ ಮಾಡುವ ಕೆಲಸದಿಂದ ಶುರು ಮಾಡಬೇಕು ಅನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ಹೇಲು ಉಚ್ಚೆಯ ತಾಪತ್ರಯ ಮುಗಿದರೆ ಸಾಕಪ್ಪಾ ಎಂದು ಅದಕ್ಕೇ ಕೈ ಹಾಕಿ ಮೂರು ತಿಂಗಳು ಇಬ್ಬರೂ ಅತ್ತದ್ದು ಬಿಟ್ಟರೆ ಏನೂ ಆಗಲಿಲ್ಲ. ಚಡ್ಡಿಯಿಂದ ಶುರು ಮಾಡಿದ ಮೇಲೆ ಉಳಿದದ್ದಕ್ಕೆ ದಾರಿ ಸಿಕ್ಕಿತು. ಚಡ್ಡಿ ಜಾರಿಸಲು ಬಾರದ ಮಗು ಪಾಯಿಖಾನೆಗೆ ತಾನೇ ಹೋಗುವುದಾದರೂ ಹೇಗೆ, ಅಲ್ವಾ?

ಮೂರು ದಿನ ಸುಮ್ನೆ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟರ ಮಟ್ಟಿಗೆ ತಾನೇ ಮಾಡುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಕೂಗುತ್ತಾನೆ. ಕೂಗುವ ಜಾಗವನ್ನು ಸರಿಯಾಗಿ ಗುರುತು ಮಾಡಿ. ಅಲ್ಲಿ ಹಟ ಇರುವುದು ಕಡಿಮೆ, ಬೇರೆ ಏನೋ ಕಾಡುತ್ತಿರುತ್ತದೆ. ಈ ಮಕ್ಕಳಲ್ಲಿ ಹಲವರಿಗೆ ಶಬ್ದ, ಸ್ಪರ್ಶ, ವಾಸನೆ ನಮಗಿಂತ ಹೆಚ್ಚು ತಾಗುತ್ತದೆ. ಕೆಲವರಿಗೆ ತೀರಾ ಕಡಿಮೆ. ಡಾಕ್ಟರುಗಳು ಮನಸ್ಸಿನ, ಬೆಳವಣಿಗೆಯ ತೊಂದರೆ ಗುರುತಿಸಲು ಬಳಸುವ ಡಿಎಸ್‌ಎಂ ಎಂಬ ಕೈಪಿಡಿಯಲ್ಲಿ 2013ರಿಂದ ಇದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದಾರೆ. ನಮ್ಮ ಮಾಣಿ ಜೂನ್ ಜುಲೈಯಲ್ಲಿ ಚಡ್ಡಿ ಕಂಡರೆ ಓಡುತ್ತಿದ್ದ. ಬೇಸಿಗೆಯಲ್ಲಿ ಇಲ್ಲದ ರಗಳೆ ಮಳೆಗಾಲದಲ್ಲಿ ಮಾತ್ರ ಯಾಕೆ ಎಂದು ತಲೆ ಕೆಡಿಸಿಕೊಂಡೆ. ಒಂದು ದಿನ ಇಲಾಸ್ಟಿಕ್ ಮುಟ್ಟಿ ನೋಡಿದರೆ ಒಳಗೆ ತಂಪು. ಬಟ್ಟೆ ಒಣಗಿದ ಹಾಗೆ ಕಂಡರೂ ಇಲಾಸ್ಟಿಕ್ ಒಣಗಿರಲಿಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆ ಒಂದು ಸಲ ಆಡಿಸಿ ಕೊಟ್ಟೆ. ರಗಳೆ ನಿಂತಿತು. ಲೇಬಲ್ ಚುಚ್ಚುವುದು, ಹೊಸ ಬಟ್ಟೆಯ ಗಂಜಿ, ಬಿಗಿ ಕಾಲರ್, ಇಂಥದ್ದನ್ನೆಲ್ಲ ಮೊದಲು ತೆಗೆಯಿರಿ.

ಕೆಲಸವನ್ನು ತುಂಡು ಮಾಡಿ

"ಚಡ್ಡಿ ಹಾಕು" ಎಂಬುದು ನಮಗೆ ಒಂದು ಕೆಲಸ. ಮಗುವಿಗೆ ಅದು ಏಳೆಂಟು. ನೀವೇ ಒಮ್ಮೆ ನಿಧಾನವಾಗಿ ಮಾಡಿ, ಕೈ ಎಲ್ಲಿ ಹೋಗುತ್ತದೆ ನೋಡಿ ಬರೆಯಿರಿ. ನನ್ನ ಪಟ್ಟಿ ಹೀಗಿತ್ತು.

1. ಮಂಚದ ತುದಿಯಲ್ಲಿ ಕೂರುವುದು.
2. ಚಡ್ಡಿಯ ಮುಂಬದಿ ಮೇಲೆ ಬರುವ ಹಾಗೆ ಎರಡೂ ಕೈಯಲ್ಲಿ ಹಿಡಿಯುವುದು.
3. ಬಲಗಾಲು ತೂರಿಸುವುದು.
4. ಎಡಗಾಲು ತೂರಿಸುವುದು.
5. ಮೊಣಕಾಲಿನ ತನಕ ಎಳೆಯುವುದು.
6. ಎದ್ದು ನಿಲ್ಲುವುದು.
7. ತೊಡೆಯ ತನಕ ಎಳೆಯುವುದು.
8. ಸೊಂಟದ ತನಕ ಎಳೆಯುವುದು.

ಮುಂಬದಿ ಗೊತ್ತಾಗಲು ಒಳಗಡೆ ಕೆಂಪು ನೂಲಿನಲ್ಲಿ ಎರಡು ಹೊಲಿಗೆ ಹಾಕಿದೆ. ಕಲಿಯುವಾಗ ಒಂದು ಅಳತೆ ದೊಡ್ಡ ಚಡ್ಡಿ ಒಳ್ಳೆಯದು. ಗುಂಡಿ, ಜಿಪ್ಪು ಸದ್ಯಕ್ಕೆ ಬೇಡ.

ಕೊನೆಯಿಂದ ಕಲಿಸಿ

ಇದು ನನಗೆ ಸಿಕ್ಕಿದ ದೊಡ್ಡ ಉಪಾಯ. ಮಂಗಳೂರಿನಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸ ಮಾಡಿಕೊಳ್ಳಲು ತರಬೇತಿ ಕೊಡುವವರು, ಒಬ್ಬರು ಹೇಳಿಕೊಟ್ಟರು. ಮೊದಲ ಹೆಜ್ಜೆಯಿಂದ ಕಲಿಸಿದರೆ ಮಗು ಕಷ್ಟಪಟ್ಟು ಒಂದು ಕಾಲು ತೂರಿಸುತ್ತದೆ, ಉಳಿದದ್ದನ್ನು ನಾವು ಮುಗಿಸುತ್ತೇವೆ. ಅದಕ್ಕೆ ಕೆಲಸ ಮುಗಿಸಿದ ಖುಷಿ ಸಿಗುವುದೇ ಇಲ್ಲ. ತಿರುಗಿಸಿ ಮಾಡಿದರೆ? ಒಂದರಿಂದ ಏಳರ ತನಕ ನಾನೇ ಮಾಡಿದೆ. ಚಡ್ಡಿ ತೊಡೆಯ ಮೇಲ್ಗಡೆ ನಿಂತಿತು. ಅವನ ಎರಡೂ ಹೆಬ್ಬೆರಳು ಇಲಾಸ್ಟಿಕ್ಕಿನ ಒಳಗೆ ಸಿಕ್ಕಿಸಿ ಕೈ ಬಿಟ್ಟೆ. ನಾಲ್ಕು ಬೆರಳು ಮೇಲೆಳೆದರೆ ಮುಗಿಯಿತು. ಎಳೆದ. ಮುಗಿಯಿತು. ಆ ದಿನ ಅಷ್ಟೇ.

ಒಂದು ವಾರ ಅಷ್ಟೇ ಮಾಡಿದೆವು. ಎರಡನೇ ವಾರ ಮೊಣಕಾಲಿನಲ್ಲಿ ಬಿಟ್ಟೆ. ಹೀಗೆ ಹಿಂದೆ ಹಿಂದೆ ಹೋಗಿ ಮಂಚದ ತುದಿ ಮುಟ್ಟಲು ಎರಡೂವರೆ ತಿಂಗಳು ಬೇಕಾಯಿತು. ನಿಮ್ಮ ಮಗುವಿಗೆ ಎರಡು ವಾರ ಸಾಕಾಗಬಹುದು, ಆರು ತಿಂಗಳೂ ಬೇಕಾಗಬಹುದು. ನಾನು ಇಟ್ಟುಕೊಂಡ ಲೆಕ್ಕ ಇದು: ಸತತ ಮೂರು ದಿನ ಯಾರೂ ಮುಟ್ಟದೆ ಆ ಹೆಜ್ಜೆ ಆದರೆ ಮಾತ್ರ ಅದರ ಹಿಂದಿನದಕ್ಕೆ ಹೋಗುವುದು.

ಶಾಲೆಯ ಗಡಿಬಿಡಿಯಲ್ಲಿ ಇದು ಆಗುವುದಿಲ್ಲ. ಬೆಳಿಗ್ಗೆ ನಾನೇ ಹಾಕಿಬಿಡುತ್ತಿದ್ದೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕಲಿಸುವುದು ಸಂಜೆ, ಸ್ನಾನದ ನಂತರ, ಒಲೆಯ ಮೇಲೆ ಏನೂ ಇಲ್ಲದಾಗ.

ಕೈ ಕೊಡುವುದು, ಕೈ ಬಿಡುವುದು

ಮಗುವಿನ ಎದುರು ನಿಲ್ಲಬೇಡಿ, ಹಿಂದೆ ನಿಲ್ಲಿ. ಎದುರು ನಿಂತರೆ ನಿಮ್ಮ ಮುಖ ನೋಡಿ ಕಾಯುತ್ತದೆ. ಹಿಂದಿನಿಂದ ಕೈ ಮೇಲೆ ಕೈ ಇಟ್ಟು ಮಾಡಿಸಿ. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಭುಜಕ್ಕೆ ಒಂದು ಬೆರಳು, ಕೊನೆಗೆ ಬರೀ ತೋರಿಸುವುದು. ಕೈ ಹಿಡಿದರೆ ಮಗು ಕೊಸರಿಕೊಂಡರೆ ಬಿಟ್ಟುಬಿಡಿ. ಬಲವಂತವಾಗಿ ಕೈ ಹಿಡಿದು ಮಾಡಿಸುವುದು ಕಲಿಸಿದ ಹಾಗೆ ಅಲ್ಲ. ನೀವೇ ಪಕ್ಕದಲ್ಲಿ ಕೂತು ನಿಮ್ಮ ಕೈಯಲ್ಲಿ ಮಾಡಿ ತೋರಿಸಿ.

ಬಾಯಿ ಮುಚ್ಚಿಕೊಂಡಿರುವುದು ಎಲ್ಲಕ್ಕಿಂತ ಕಷ್ಟ. "ಎಳೆ, ಎಳೆ ಮಗಾ, ಇನ್ನೂ ಎಳೆ, ಹಾಂ ಹಾಗೆ, ಅಯ್ಯೋ ಎಂತ ಮಾಡ್ತಿ" ಎಂದು ನಾನು ರೇಡಿಯೋ ಹಾಗೆ ಮಾತಾಡುತ್ತಿದ್ದೆ. ಮಗು ಆ ಮಾತನ್ನೂ ಕೆಲಸದ ಭಾಗ ಅಂದುಕೊಳ್ಳುತ್ತದೆ. ಅಮ್ಮ "ಎಳೆ" ಎನ್ನದೆ ಎಳೆಯುವುದೇ ಇಲ್ಲ. ಮುಟ್ಟುವ ಸಹಾಯವನ್ನು ಕಡಿಮೆ ಮಾಡಬಹುದು, ಮಾತಿನ ಸಹಾಯ ಬಿಡಿಸುವುದು ತುಂಬಾ ಕಷ್ಟ. ಒಮ್ಮೆ ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತು ಅಂದರೆ ಹತ್ತು. ಮೂರಕ್ಕೇ ನಮ್ಮ ಕೈ ಮುಂದೆ ಹೋಗುತ್ತದೆ, ಗಮನಿಸಿ.

ಮುಗಿದ ಕೂಡಲೇ ಅವನಿಗೆ ಇಷ್ಟವಾದದ್ದು ಸಿಗಬೇಕು. ಸಂಜೆ ಅಲ್ಲ, ಭಾನುವಾರ ಅಲ್ಲ, ಆ ಕ್ಷಣ. ಹಲಸಿನ ಹಪ್ಪಳದ ಚೂರು ಆಗಬಹುದು. ನಮ್ಮವನಿಗೆ ತಿನ್ನುವುದಕ್ಕಿಂತ ತೋಟದ ಪಂಪಿನ ಸ್ವಿಚ್ಚು ಒತ್ತುವುದು ಪ್ರಾಣ. ಕೈ ಒಣಗಿಸಿಕೊಂಡು, ಅಪ್ಪನ ಜೊತೆ ನಿಂತು, ಒಂದು ಸಲ. ಅಡಿಕೆಗೆ ನೀರು ಬಿಡುವ ಹೊತ್ತೂ ಬಟ್ಟೆ ಹಾಕುವ ಹೊತ್ತೂ ಒಂದೇ ಮಾಡಿಕೊಂಡೆವು. ಮಳೆಗಾಲದಲ್ಲಿ ಪಂಪು ಬೇಡ, ಆಗ ಬೇರೆ ಹುಡುಕಬೇಕಾಯಿತು, ಅದು ಬೇರೆ ಕತೆ.

ಒಂದು ಕೆಲಸ, ಒಂದು ಶಬ್ದ, ಒಂದು ಚಿತ್ರ

ನಮ್ಮ ಊರಿನವರಿಗೆ ಇದು ಮುಖ್ಯ. ಸ್ನಾನಕ್ಕೆ ನಮ್ಮ ಮನೆಯಲ್ಲಿ ಎಷ್ಟು ಶಬ್ದ ಗೊತ್ತಾ? ಅತ್ತೆ ಹವ್ಯಕದಲ್ಲಿ "ಮಿಂದಿಕ್ಕಿ ಬಾ" ಎನ್ನುತ್ತಾರೆ. ನಾನು "ಸ್ನಾನ ಮಾಡು" ಎನ್ನುತ್ತೇನೆ. ಕೆಲಸಕ್ಕೆ ಬರುವ ಅಕ್ಕ ತುಳುವಿನಲ್ಲಿ ಹೇಳುತ್ತಾರೆ. ಶಾಲೆಯ ಟೀಚರ್ ಮಲಯಾಳದಲ್ಲಿ "ಕುಳಿ" ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಕುಳಿ ಎಂದರೆ ಹೊಂಡ! ಸಪ್ತಭಾಷೆಯ ನೆಲ ಎಂದು ನಾವು ಭಾಷಣದಲ್ಲಿ ಹೆಮ್ಮೆಪಡುತ್ತೇವೆ. ಮಾಣಿಗೆ ಅದು ಒಂದು ಬಚ್ಚಲಿಗೆ ನಾಲ್ಕು ಬಾಗಿಲು ಇದ್ದ ಹಾಗೆ.

ಮೊದಲು ತೋರಿಸಿದ ಕಡೆ ಒಬ್ಬರು, ಮನೆಯಲ್ಲೂ ಮಲಯಾಳವೇ ಮಾತಾಡಿ ಎಂದಿದ್ದರು. ಒಂದು ವರ್ಷ ಹಾಗೇ ಮಾಡಿದೆವು. ನನ್ನ ಮುರುಕು ಮಲಯಾಳದಲ್ಲಿ ಮಗನನ್ನು ಮುದ್ದು ಮಾಡಲೂ ಬರಲಿಲ್ಲ, ಗದರಿಸಲೂ ಬರಲಿಲ್ಲ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಕ್ಕಳ ಮಾತು ಕೆಡುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ ಎಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದಾಗ ತಿಳಿಯಿತು. ಮನೆಮಾತು ಬಿಡಬೇಡಿ. ಆದರೆ ಒಂದೊಂದು ಕೆಲಸಕ್ಕೆ ಒಂದೇ ಶಬ್ದ ಇರಲಿ, ಮನೆಯ ಎಲ್ಲರೂ ಅದನ್ನೇ ಹೇಳಲಿ. ನಮ್ಮಲ್ಲಿ "ಮೀಯುವುದು" ಗೆದ್ದಿತು. ಅತ್ತೆಗೆ ಖುಷಿ.

ಶಾಲೆಗೂ ಮನೆಗೂ ಸೇತುವೆ ಚಿತ್ರ. ಚಿತ್ರಕ್ಕೆ ಭಾಷೆ ಇಲ್ಲ. ಮೊಬೈಲಿನಲ್ಲಿ ನಮ್ಮದೇ ಚೆಂಬು, ನಮ್ಮದೇ ಸೋಪು, ನಮ್ಮದೇ ಬೈರಾಸಿನ (ಮೈ ಒರೆಸುವ ಬಟ್ಟೆಯ) ಫೋಟೋ ತೆಗೆಯಿರಿ. ಇಂಟರ್‌ನೆಟ್ಟಿನ ಬಾತ್‌ಟಬ್ಬಿನ ಚಿತ್ರ ನಮ್ಮ ಮಕ್ಕಳಿಗೆ ಏನೂ ಹೇಳುವುದಿಲ್ಲ. ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ. ನಮ್ಮ ಮಳೆಗೆ ಬರೀ ಕಾಗದ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಕೆಳಗೆ ಸಾಲಾಗಿ ಅಂಟಿಸಿ. ಆದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಲಿ. ಅದೇ ಸೆಟ್ಟಿನ ಇನ್ನೊಂದು ಪ್ರತಿಯನ್ನು ಶಾಲೆಗೆ ಕೊಡಿ. ಎಂಡೋಸಲ್ಫಾನ್ ಕೀಟನಾಶಕ ಬಾಧಿಸಿದ ನಮ್ಮ ಕಡೆ, ಪಂಚಾಯತುಗಳು ಕೇರಳದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಜೊತೆಗೂಡಿ ನಡೆಸುವ ಬಡ್ಸ್ ಎಂಬ ವಿಶೇಷ ಶಾಲೆಗಳು ಇವೆ. ಅಲ್ಲಿ ದಿನದ ಕೆಲಸ ಕಲಿಸುವುದು ಪಾಠದಷ್ಟೇ ಮುಖ್ಯ. ನೀವು ಮನೆಯಲ್ಲಿ ಯಾವ ಹೆಜ್ಜೆಯಲ್ಲಿದ್ದೀರಿ ಎಂದು ಒಂದು ಸಾಲು ಬರೆದು ಬ್ಯಾಗಿನಲ್ಲಿಟ್ಟರೆ ಟೀಚರ್‌ಗೂ ಸುಲಭ.

ಸ್ನಾನ

ಹಂಡೆಯ ಬಿಸಿನೀರು, ತಲೆಗೆ ಎಣ್ಣೆ, ಅಜ್ಜಿಯ ಕೈ. ಕೇಳಲು ಚೆಂದ. ಮಾಣಿ ಮಾತ್ರ ಬಚ್ಚಲ ಬಾಗಿಲಿನಲ್ಲೇ ಕಿರುಚುತ್ತಿದ್ದ. "ತಲೆಗೆ ನಾಲ್ಕು ಚೆಂಬು ಹೊಯ್ದರೆ ಸರಿ ಆವುತ್ತು" ಎನ್ನುವುದು ಅತ್ತೆಯ ಮತ. ನಾಲ್ಕು ಚೆಂಬು ಹೊಯ್ದದ್ದೂ ಆಯಿತು, ಮತ್ತೆ ಒಂದು ತಿಂಗಳು ಬಚ್ಚಲ ಹತ್ತಿರ ಸುಳಿಯದ್ದೂ ಆಯಿತು.

ತಲೆಯಿಂದ ಶುರು ಮಾಡಬೇಡಿ, ಕಾಲಿನಿಂದ ಮಾಡಿ. ಪಾದ, ಮೊಣಕಾಲು, ತೊಡೆ, ಹೊಟ್ಟೆ, ಭುಜ. ತಲೆ ಕೊನೆಗೆ, ಅದೂ ಮೊದಲ ಕೆಲವು ವಾರ ಬೇಡವೇ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಲೆಗೆ ಹೊಯ್ಯುವಾಗ ಹಣೆಗೆ ಮಡಿಸಿದ ಬೈರಾಸು ಒತ್ತಿ ಹಿಡಿದರೆ ಕಣ್ಣಿಗೆ ನೀರು ಬರುವುದಿಲ್ಲ. ಅದನ್ನು ಹಿಡಿಯುವುದು ಮಗುವಿನದ್ದೇ ಕೆಲಸವಾಗಲಿ. ಆಗ ಮುಂದೆ ಏನಾಗುತ್ತದೆ ಎಂದು ಅದಕ್ಕೆ ಗೊತ್ತಿರುತ್ತದೆ.

ಮೈ ಮುಟ್ಟಿದರೆ ಆಗದ ಮಕ್ಕಳಲ್ಲಿ ಹಲವರಿಗೆ ಆಗದ್ದು ಹಗುರ ಸ್ಪರ್ಶ. ಗಟ್ಟಿಯಾಗಿ ಒತ್ತಿದರೆ ಹಾಯೆನಿಸುತ್ತದೆ. ಅತ್ತೆಯ ಎಣ್ಣೆ ತಿಕ್ಕುವ ಕೈ ಇಲ್ಲಿ ಉಪಯೋಗಕ್ಕೆ ಬಂತು. ತಲೆಗೆ ಬೇಡ ಎಂದು ಬೇಡಿಕೊಂಡೆ. ಕೈಕಾಲಿಗೆ ಎಣ್ಣೆ ಹಚ್ಚಿ ಮೇಲಿನಿಂದ ಕೆಳಗೆ ಒತ್ತಿ ಒತ್ತಿ ತಿಕ್ಕಿದರು. ಆಮೇಲೆ ನೀರು ಮುಟ್ಟಿದರೂ ಕಿರುಚಾಟ ಕಡಿಮೆ.

ಈಗ ಲೆಕ್ಕದ ವಿಷಯ. "ಚೆನ್ನಾಗಿ ತಿಕ್ಕು", "ಸರಿಯಾಗಿ ತೊಳೆ", ಇಂಥ ಮಾತು ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಚೆನ್ನಾಗಿ ಎಂದರೆ ಎಷ್ಟು? ಕೈಗೆ ಐದು ತಿಕ್ಕು. ಇನ್ನೊಂದು ಕೈಗೆ ಐದು. ಹೊಟ್ಟೆಗೆ ಐದು. ಕಂಕುಳಿಗೆ ಐದು. ಆಮೇಲೆ ಹತ್ತು ಚೆಂಬು ನೀರು. ಈಗ ಹೊರಗೆ ಕೂತರೆ ಒಳಗಿಂದ ಲೆಕ್ಕ ಕೇಳುತ್ತದೆ. ಏಳಕ್ಕೇ ನೊರೆ ಹೋದರೂ ಹತ್ತು ಹೊಯ್ಯದೆ ಬರುವುದಿಲ್ಲ. ಹತ್ತಕ್ಕೂ ಹೋಗದಿದ್ದರೆ? ನೊರೆ ಹೊತ್ತುಕೊಂಡೇ ಬರುತ್ತಾನೆ. ಹಾಗಾಗಿ ಸೋಪು ಕಡಿಮೆ ಕೊಡುತ್ತೇವೆ.

ಸೋಪು ಕೈಯಿಂದ ಜಾರಿ ಹೋಗುತ್ತದೆಯೇ? ಹಳೆಯ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ. ಬೀಳುವುದಿಲ್ಲ, ಅದರಿಂದಲೇ ತಿಕ್ಕಲೂ ಆಗುತ್ತದೆ. ಹಂಡೆಯ ನೀರಿನ ಬಗ್ಗೆ ಎಚ್ಚರ. ಕೆಲವು ಮಕ್ಕಳಿಗೆ ಸುಟ್ಟರೂ ತಡವಾಗಿ ಗೊತ್ತಾಗುತ್ತದೆ. ಬಕೆಟ್ಟಿಗೆ ಯಾವತ್ತೂ ಮೊದಲು ತಣ್ಣೀರು, ಆಮೇಲೆ ಬಿಸಿ. ಬೆರೆಸುವ ಕೆಲಸ ಕೊನೆಯ ವರ್ಷದ ಪಾಠ. ನಮ್ಮಲ್ಲಿ ಈಗಲೂ ದೊಡ್ಡವರೇ ಬೆರೆಸಿ ಕೊಡುವುದು.

ಹಲ್ಲು, ಊಟ, ಉಗುರು

ಹಲ್ಲುಜ್ಜಲು ಒಪ್ಪದ ಮಗುವಿಗೆ ಹೆಚ್ಚಾಗಿ ಆಗದಿರುವುದು ಪೇಸ್ಟಿನ ಖಾರ. ಮೊದಲು ಬರೀ ಒದ್ದೆ ಬ್ರಷ್ಷು. ಅದೂ ಆಗದಿದ್ದರೆ ಬೆರಳಿಗೆ ಮೆತ್ತನೆಯ ಬಟ್ಟೆ ಸುತ್ತಿ ತುಟಿಗೆ ಮುಟ್ಟಿಸುವುದು, ಅಷ್ಟೇ. ಪುದೀನ ಇಲ್ಲದ ಮಕ್ಕಳ ಪೇಸ್ಟು ಸಿಗುತ್ತದೆ. 3 ವರ್ಷ ದಾಟಿದವರಿಗೆ ಬಟಾಣಿ ಕಾಳಿನಷ್ಟು ಸಾಕು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿ ಕಾಳಿನಷ್ಟು. ಎಡಕ್ಕೆ ಹತ್ತು, ಬಲಕ್ಕೆ ಹತ್ತು, ಮುಂದೆ ಹತ್ತು, ಮೇಲೆ ಕೆಳಗೆ ಎರಡೂ ಸಾಲಿಗೆ. ಉಗುಳಲು ಬಾರದಿದ್ದರೆ ಬಚ್ಚಲಿನಲ್ಲಿ ಯಾರು ದೂರ ಉಗುಳುತ್ತಾರೆ ಎಂದು ಅಪ್ಪ ಮಗ ಪಂದ್ಯ ಇಟ್ಟುಕೊಳ್ಳಲಿ. ನಮ್ಮಲ್ಲಿ ಇಬ್ಬರಿಗೂ ಆ ಪಂದ್ಯ ಸ್ವಲ್ಪ ಜಾಸ್ತಿಯೇ ಇಷ್ಟವಾಯಿತು.

ಊಟದಲ್ಲಿ ಕೈಗೆ ಅಂಟುವುದೇ ಸಮಸ್ಯೆ. ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸುವುದೆಂದರೆ ಅವನಿಗೆ ಕೆಸರಿಗೆ ಕೈ ಹಾಕಿದ ಹಾಗೆ. ಚಮಚ ಕೊಟ್ಟುಬಿಟ್ಟೆ. ಕೈಯಲ್ಲೇ ಉಣ್ಣಬೇಕು ಎಂದು ಹಟ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಮಗು ತಾನೇ ಉಣ್ಣಬೇಕು, ಅಷ್ಟೇ ಅಲ್ವಾ? ದೋಸೆ ತುಂಡು, ಒಣ ಅವಲಕ್ಕಿ ಕೈಯಲ್ಲಿ ತಿನ್ನುತ್ತಾನೆ.

ಉಗುರು ಕತ್ತರಿಸುವುದು ಸ್ನಾನ ಆದ ಮೇಲೆ, ಉಗುರು ಮೆತ್ತಗಿರುವಾಗ. ದಿನಕ್ಕೆ ಎರಡೇ ಬೆರಳು.

ಪಾಯಿಖಾನೆ

ಇದಕ್ಕೆ ಅವಸರ ಮಾಡಿದಷ್ಟೂ ತಡವಾಗುತ್ತದೆ. ಮೊದಲು ಮಲಬದ್ಧತೆ ಇದೆಯೇ ನೋಡಿ. ಆಟಿಸಂ ಇರುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಒಮ್ಮೆ ನೋವಾದರೆ ಮಗು ತಡೆದು ಹಿಡಿಯುತ್ತದೆ, ಹಿಡಿದರೆ ಇನ್ನೂ ಗಟ್ಟಿಯಾಗುತ್ತದೆ. ನನ್ನ ಆ ಮೂರು ತಿಂಗಳ ಅಳುವಿಗೆ ಅರ್ಧ ಕಾರಣ ಇದೇ ಆಗಿತ್ತು. ಮಕ್ಕಳ ಡಾಕ್ಟರಿಗೆ ತೋರಿಸಿ ಅದನ್ನು ಸರಿ ಮಾಡಿಕೊಂಡ ಮೇಲೆ ಕಲಿಸಲು ಹೊರಡಿ.

ಮೂರು ದಿನ, ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ ಒಣ, ಒದ್ದೆ ಎಂದು ಬರೆಯಿರಿ. ಹೊತ್ತು ತಾನಾಗಿ ಕಾಣುತ್ತದೆ. ಒದ್ದೆಯಾಗುವ ಹೊತ್ತಿಗೆ ಹತ್ತು ನಿಮಿಷ ಮೊದಲು ಕರೆದುಕೊಂಡು ಹೋಗಿ. ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಬೆಳಗಿನ ತಿಂಡಿಯ ನಂತರದ ಹೊತ್ತು ಒಳ್ಳೆಯದು. ಐದು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಬರಲಿಲ್ಲವೇ, ಪರವಾಗಿಲ್ಲ, ಎದ್ದು ಬನ್ನಿ. ಹಗಲು ಡೈಪರ್ ತೆಗೆಯಿರಿ, ಒದ್ದೆಯಾದದ್ದು ಮಗುವಿಗೂ ತಿಳಿಯಬೇಕು. ಚಡ್ಡಿಯಲ್ಲಿ ಆದರೆ ಬೈಯದೆ, ಮುಖ ಕಿವುಚದೆ ತೊಳೆಯಿರಿ. ಇದು ಬರೆದಷ್ಟು ಸುಲಭ ಅಲ್ಲ, ಗೊತ್ತು.

ಹಲವು ಮನೆಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು. ಗುಂಡಿಗೆ ಬಿದ್ದುಬಿಡುತ್ತೇನೆ ಎಂಬ ಹೆದರಿಕೆ ಕೆಲವರಿಗೆ. ಕಾಲಿಡುವ ಜಾಗಕ್ಕೆ ಪಾದದ ಗುರುತು ಬಣ್ಣದಲ್ಲಿ ಬರೆಯಿರಿ, ಗೋಡೆಗೆ ಹಿಡಿಯಲು ಒಂದು ಸರಳು ಹಾಕಿಸಿ. ಕಮೋಡಾದರೆ ಕಾಲಡಿಗೆ ಮಣೆ ಇಡಿ, ಕಾಲು ನೇತಾಡಿದರೆ ಸರಿಯಾಗಿ ತಿಣುಕಲು ಆಗುವುದಿಲ್ಲ. ಫ್ಲಶ್ಶಿನ ಶಬ್ದಕ್ಕೆ ಬೆಚ್ಚುವ ಮಗು ಹೊರಗೆ ಬಂದ ಮೇಲೆ ನೀವು ಫ್ಲಶ್ ಮಾಡಿ.

ತೊಳೆದುಕೊಳ್ಳುವುದನ್ನು ಬಟ್ಟೆಯಿದ್ದಾಗಲೇ ಅಭ್ಯಾಸ ಮಾಡಿಸಬಹುದು. ಕುಕ್ಕರಗಾಲಿನಲ್ಲಿ ಕೂತು, ಬಲಗೈಯಲ್ಲಿ ಖಾಲಿ ಚೆಂಬು, ಎಡಗೈ ಹಿಂದಕ್ಕೆ. ಬರೀ ಕೈ ತಲುಪುವ ಅಭ್ಯಾಸ. ಆಮೇಲೆ ಬಚ್ಚಲಿನಲ್ಲಿ ನೀರಿನ ಜೊತೆ. ಇಲ್ಲೂ ಲೆಕ್ಕ: ಐದು ಸಲ. ಕೊನೆಗೆ ಸೋಪು ಹಾಕಿ ಕೈ ತೊಳೆಯುವುದು ಇದೇ ಪಟ್ಟಿಯ ಭಾಗ, ಬೇರೆ ಕೆಲಸ ಅಲ್ಲ.

ಬಾಗಿಲು ಮುಚ್ಚುವುದೂ ಒಂದು ಹೆಜ್ಜೆ

ಯಾರು ಬಂದು ಬಟ್ಟೆ ಬಿಚ್ಚಿದರೂ ಸುಮ್ಮನೆ ನಿಲ್ಲುವ ಮಗುವಿಗೆ ಅಪಾಯ ಜಾಸ್ತಿ. ನಾಲ್ಕು ವರ್ಷ ಕಾಲು ಎತ್ತಿ ನಿಲ್ಲುವುದನ್ನು ಮಾತ್ರ ಕಲಿಸಿದೆನಲ್ಲ, ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ. ಬಟ್ಟೆ ಬಿಚ್ಚುವುದು ಬಚ್ಚಲಿನಲ್ಲಿ ಮಾತ್ರ, ಬಾಗಿಲು ಮುಚ್ಚಿ ಮಾತ್ರ, ಸಹಾಯಕ್ಕೆ ಇಂತಿಂಥವರು ಮಾತ್ರ. ಚಿತ್ರದ ಸಾಲಿನಲ್ಲಿ ಮುಚ್ಚಿದ ಬಾಗಿಲಿನ ಫೋಟೋವನ್ನೂ ಸೇರಿಸಿ. ಅಂಗಳದಲ್ಲಿ ನಲ್ಲಿಯ ಕೆಳಗೆ ನಿಲ್ಲಿಸಿ ಮೀಯಿಸುವುದನ್ನು ಏಳೆಂಟು ವರ್ಷಕ್ಕೇ ನಿಲ್ಲಿಸಿ. ನಾಳೆ ಹದಿನೆಂಟಾದಾಗಲೂ ಅಂಗಳದಲ್ಲೇ ಬಿಚ್ಚಿದರೆ ಬೈಸಿಕೊಳ್ಳುವುದು ಅವನು.

ಹೆಣ್ಣುಮಕ್ಕಳ ತಾಯಂದಿರು ಮುಟ್ಟಿನ ತಯಾರಿಯನ್ನು ಒಂಬತ್ತು ಹತ್ತು ವರ್ಷಕ್ಕೇ ಶುರು ಮಾಡಬೇಕು. ಶಾಲೆಯಲ್ಲಿ ಪರಿಚಯವಾದ ಒಬ್ಬರು ಹೇಳಿದ ಉಪಾಯ ಚೆನ್ನಾಗಿದೆ. ಚಡ್ಡಿಯ ಒಳಗೆ ಮಾರ್ಕರಿನಲ್ಲಿ ಪ್ಯಾಡಿನ ಆಕಾರ ಬರೆದು, ಅದರ ಮೇಲೇ ಅಂಟಿಸುವ ಅಭ್ಯಾಸ. ತಿಂಗಳಿಗೆ ಎರಡು ದಿನ ಸುಮ್ನೆ ಹಾಕಿಕೊಂಡು ಓಡಾಡುವುದು. ಕೆಂಪು ಬಣ್ಣದ ನೀರು ಹಾಕಿ, ಕೆಂಪು ಕಂಡರೆ ಬದಲಿಸಬೇಕು ಎಂದು ತೋರಿಸುವುದು. ಪ್ಯಾಡು ಸುತ್ತಿ ಯಾವ ಬುಟ್ಟಿಗೆ ಎಂಬುದೂ ಪಟ್ಟಿಯಲ್ಲಿರಲಿ. ಆ ಮೂರು ದಿನ ಹೊರಗೆ ಕೂರಿಸುವ ಮನೆಗಳಿಗೆ ಒಂದು ಮಾತು: ದಿನದ ಕ್ರಮ ಸ್ವಲ್ಪ ತಪ್ಪಿದರೂ ತತ್ತರಿಸುವ ಹುಡುಗಿ ಅವಳು. ಹೊಟ್ಟೆನೋವಿನ ದಿನವೇ ಅವಳ ಮಂಚ, ಅವಳ ಬಟ್ಟಲು ಎಲ್ಲ ಬದಲಿಸುವುದು ಯಾವ ಮಡಿ?

ನೀರಿನ ಬಗ್ಗೆಯೂ ಹೇಳಲೇಬೇಕು. ಸ್ನಾನ ಅಭ್ಯಾಸವಾದ ಮೇಲೆ ಹಲವು ಮಕ್ಕಳಿಗೆ ನೀರೆಂದರೆ ಹುಚ್ಚು. ನಮ್ಮಲ್ಲಿ ಹೆಜ್ಜೆಗೊಂದು ಬಾವಿ, ತೋಟದ ಕೆರೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ. ಆಟಿಸಂ ಇರುವ ಮಕ್ಕಳು ಹೇಳದೆ ಹೊರಟು ಹೋಗುವುದೂ, ನೀರಿಗೆ ಬೀಳುವುದೂ ಲೋಕದಲ್ಲೆಲ್ಲ ಕಂಡ ಅಪಾಯ. ಬಾವಿಗೆ ಕಬ್ಬಿಣದ ಬಲೆ ಹಾಕಿಸಿ. ಹಿತ್ತಲ ಬಾಗಿಲಿಗೆ ಮಗುವಿಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ ಇರಲಿ. ನೆರೆಯವರಿಗೆ ಹೇಳಿಡಿ. ಆಗುವುದಾದರೆ ಈಜು ಕಲಿಸಿ.

ಜಾರಿದರೆ

ಜ್ವರ ಬಂದರೆ, ನೆಂಟರ ಮನೆಗೆ ಹೋಗಿ ಬಂದರೆ, ಶಾಲೆಗೆ ದೊಡ್ಡ ರಜೆ ಸಿಕ್ಕಿದರೆ ಕಲಿತದ್ದು ಜಾರುತ್ತದೆ. ಮೊದಲಿನಿಂದ ಬೇಡ, ಎರಡು ಹೆಜ್ಜೆ ಹಿಂದೆ ಹೋಗಿ ಹಿಡಿಯಿರಿ. ನೋಟ್‌ಬುಕ್ಕು ಆಗ ಉಪಕಾರಕ್ಕೆ ಬರುತ್ತದೆ. ಯುಡಿಐಡಿ ಕಾರ್ಡಿಗಾಗಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪರೀಕ್ಷೆ ಮಾಡಿಸುವಾಗಲೂ ಅದನ್ನು ಕೊಂಡುಹೋಗಿ. ತಾನೇ ಉಣ್ಣುತ್ತಾನಾ, ತಾನೇ ಹಾಕಿಕೊಳ್ಳುತ್ತಾನಾ ಎಂದು ಕೇಳುತ್ತಾರೆ. ಆ ಹೊತ್ತಿಗೆ ಏನೂ ನೆನಪಾಗುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಆಟಿಸಂ ಕೂಡಾ ಸೇರಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇದೆ, ಬಿಡಬೇಡಿ.

ಕೊನೆಗೊಂದು ಕೆಲಸ. ಮನೆಯಲ್ಲಿ ಬಂದದ್ದು ಹೊರಗೆ ಬರುವುದಿಲ್ಲ, ಹೊರಗೆ ಬೇರೆಯೇ ಕಲಿಸಬೇಕು. ನಮ್ಮ ಮನೆಯ ನಲ್ಲಿ ತಿರುಗಿಸುವಂಥದ್ದು. ಮದುವೆ ಹಾಲಿನಲ್ಲಿ ಎತ್ತುವಂಥದ್ದು, ಬಸ್‌ಸ್ಟ್ಯಾಂಡಿನಲ್ಲಿ ಒತ್ತುವಂಥದ್ದು. ಮಾಣಿ ಮೊದಲ ಸಲ ಮದುವೆ ಹಾಲಿನ ನಲ್ಲಿಯ ಎದುರು ಸೋಪಿನ ಕೈ ಹಿಡಿದು ಐದು ನಿಮಿಷ ನಿಂತಿದ್ದ, ಹಿಂದೆ ಎಂಜಲು ಕೈಯವರ ಸಾಲು. ಆಮೇಲೆ ಎಲ್ಲಿ ಹೋದರೂ ಊಟಕ್ಕೆ ಮೊದಲೇ, ಜನ ಇಲ್ಲದಾಗ, ನಲ್ಲಿ ತೋರಿಸಿ ಎರಡು ಸಲ ಮಾಡಿಸುತ್ತೇನೆ. ಬ್ಯಾಗಿನಲ್ಲಿ ಚಿತ್ರದ ಸೆಟ್ಟು, ಒಂದು ಜೊತೆ ಬಟ್ಟೆ, ಅವನದ್ದೇ ಬೈರಾಸು ಇರುತ್ತದೆ. ಈಗ ಮೂರು ಬಗೆಯ ನಲ್ಲಿಯೂ ಬರುತ್ತದೆ. ಕೈ ತೊಳೆದು ನಲ್ಲಿ ನಿಲ್ಲಿಸುತ್ತಾನೆ. ಪಕ್ಕದಲ್ಲಿ ತೊಳೆಯುತ್ತಿರುವವರ ನಲ್ಲಿಯನ್ನೂ ನಿಲ್ಲಿಸಿ ಬರುತ್ತಾನೆ. ಅದಕ್ಕೆ ಇನ್ನೂ ಪಟ್ಟಿ ಬರೆದಿಲ್ಲ.